ಮನೆಯ ಓಟಿಜಿಯಲ್ಲಿ ಐದು ನಾಡಿನ ಬ್ರೆಡ್: ಹಾಸನ, ಚಿಕ್ಕಮಗಳೂರಿನ ಹವೆಗೆ ಹೊಂದುವ ಕ್ರಮ

ಬ್ರೆಡ್ ಮಾಡಿ ಸೋತವರ ದೂರು ಹೆಚ್ಚುಕಡಿಮೆ ಒಂದೇ ಇರುತ್ತದೆ: "ರೆಸಿಪಿಯಲ್ಲಿ ಹೇಳಿದ ಹಾಗೇ ಮಾಡಿದೆ, ಒಂದು ಗಂಟೆ ಮುಚ್ಚಿಟ್ಟೆ, ಆದರೂ ಕಲ್ಲಾಯ್ತು." ಎಡವಿದ್ದು ಆ ಒಂದು ಗಂಟೆಯಲ್ಲೇ. ರೆಸಿಪಿ ಬರೆದವರ ಅಡುಗೆಮನೆಯಲ್ಲಿ 25–26 ಡಿಗ್ರಿ ಇದ್ದಿರುತ್ತದೆ. ಜನವರಿಯ ಬೆಳಿಗ್ಗೆ ಚಿಕ್ಕಮಗಳೂರಿನ ಅಡುಗೆಮನೆಯಲ್ಲಿ 17–18 ಇದ್ದರೆ ಹೆಚ್ಚು. ಅದೇ ಹಿಟ್ಟು ಇಲ್ಲಿ ಉಬ್ಬುವುದಕ್ಕೆ ಎರಡು ಗಂಟೆಯ ಮೇಲೆಯೇ ಬೇಕು. ಏಪ್ರಿಲ್‌ನಲ್ಲಿ ಅರಸೀಕೆರೆ, ಕಡೂರಿನ ಕಡೆಯಾದರೆ ಮುಕ್ಕಾಲು ಗಂಟೆಗೇ ಉಬ್ಬಿ, ನೀವು ಮುಚ್ಚಳ ತೆಗೆಯುವಷ್ಟರಲ್ಲಿ ಕುಸಿಯುತ್ತಿರುತ್ತದೆ. ಜುಲೈನ ಮೂಡಿಗೆರೆ, ಸಕಲೇಶಪುರದ್ದು ಬೇರೆಯೇ ತಾಪತ್ರಯ: ಡಬ್ಬದೊಳಗಿನ ಮೈದಾವೇ ಹವೆಯ ತೇವ ಎಳೆದುಕೊಂಡಿರುತ್ತದೆ, ಅಳೆದು ಹಾಕಿದ ನೀರೂ ಹೆಚ್ಚಾಗುತ್ತದೆ.

ಆದ್ದರಿಂದ ಕೆಳಗೆ ಕೊಟ್ಟಿರುವ ನಿಮಿಷ, ಗಂಟೆಗಳನ್ನು ಅಂದಾಜಿಗೆ ಇಟ್ಟುಕೊಳ್ಳಿ. ಹಿಟ್ಟು ತೋರಿಸುವ ಗುರುತನ್ನು ಮಾತ್ರ ಬಿಡಬೇಡಿ. ಐದು ಬ್ರೆಡ್‌ಗಳನ್ನು ಸುಲಭದ್ದರಿಂದ ಕಷ್ಟದ್ದಕ್ಕೆ ಜೋಡಿಸಿದ್ದೇನೆ: ಐರ್ಲೆಂಡಿನ ಸೋಡಾ ಬ್ರೆಡ್, ಇಟಲಿಯ ಫೊಕಾಚಿಯಾ, ಅರಬ್ ನಾಡುಗಳ ಪೀಟಾ, ಯಹೂದಿಗಳ ಹಲ್ಲಾ, ಕೊನೆಗೆ ಯೀಸ್ಟ್ ಪ್ಯಾಕೆಟ್ಟನ್ನೇ ಮುಟ್ಟದ ಸೋರ್‌ಡೋ. ಈ ಸಾಲನ್ನು ಮುರಿಯಬೇಡಿ. ನೇರವಾಗಿ ಸೋರ್‌ಡೋಗೆ ಕೈಹಾಕಿ, ತಿಂಗಳಲ್ಲಿ ಓಟಿಜಿಯನ್ನೇ (ಟೋಸ್ಟ್, ಗ್ರಿಲ್ ಕೂಡ ಮಾಡುವ ಸಣ್ಣ ವಿದ್ಯುತ್ ಒವನ್) ಅಟ್ಟಕ್ಕೆ ಏರಿಸಿದವರು ಬೇಕಾದಷ್ಟು ಜನ ಇದ್ದಾರೆ.

## ಹಂತ 1: ಸಾಮಾನು ಹೊಂದಿಸಿಕೊಳ್ಳುವುದು

ಮೊದಲು ಕೊಳ್ಳಬೇಕಾದ್ದು ಡಿಜಿಟಲ್ ತಕ್ಕಡಿ. ಒಂದು ಲೋಟ ಮೈದಾ ಒತ್ತಿ ತುಂಬಿದರೆ ಒಂದು ತೂಕ, ಸಡಿಲ ಸುರಿದರೆ ಇನ್ನೊಂದು. ಬ್ರೆಡ್ಡಿನಲ್ಲಿ 500 ಗ್ರಾಂ ಹಿಟ್ಟಿಗೆ 30 ಗ್ರಾಂ ನೀರು ಆಚೀಚೆಯಾದರೂ ಫಲ ಬೇರೆಯಾಗುತ್ತದೆ. ನೀರನ್ನೂ ಗ್ರಾಂನಲ್ಲೇ ತೂಗಿ.

ಎರಡನೆಯದು ಓಟಿಜಿಯೊಳಗೆ ನೇತುಹಾಕುವ ಥರ್ಮಾಮೀಟರ್. ಗುಂಡಿಯನ್ನು 220ಕ್ಕೆ ತಿರುಗಿಸಿದರೆ ಒಳಗೆ 190 ಇರಬಹುದು, 245 ಕೂಡ ಇರಬಹುದು. ನಿಮ್ಮ ಓಟಿಜಿ ಎಷ್ಟು ಸುಳ್ಳು ಹೇಳುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಮುಂದೆ ಲೆಕ್ಕ ಸುಲಭ.

ಇಷ್ಟು ಬಿಟ್ಟರೆ ಉಳಿದದ್ದು ಹೆಚ್ಚಾಗಿ ಮನೆಯಲ್ಲೇ ಇರುತ್ತದೆ. ಉದ್ದ ಗೋಡೆಯ ಸ್ಟೀಲ್ ಅಥವಾ ಗಾಜಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಹಿಟ್ಟು ಎಲ್ಲಿಂದ ಎಲ್ಲಿಗೆ ಏರಿತು ಎಂದು ಅದರಲ್ಲಿ ನೋಡಬೇಕು. ಅಗಲ ಬಟ್ಟಲಿನಲ್ಲಿ ಅದು ಗೊತ್ತಾಗುವುದಿಲ್ಲ. ದಪ್ಪ ಕಬ್ಬಿಣದ ಕಾವಲಿ ಪೀಟಾಗೆ ಬೇಕು, ಆದರೆ ಹಿಡಿಯಲ್ಲಿ ಮರವಾಗಲಿ ಪ್ಲಾಸ್ಟಿಕ್ ಆಗಲಿ ಇರಬಾರದು. ನಾನ್‌ಸ್ಟಿಕ್ ಕಾವಲಿಯನ್ನು ಬರಿದಾಗಿ 250 ಡಿಗ್ರಿಯಲ್ಲಿ ಕಾಯಿಸಲೇಬೇಡಿ.

ಟ್ರೇಗೆ ಹಾಸುವ ಕಾಗದದ ವಿಷಯದಲ್ಲಿ ಮೋಸಹೋಗುವವರು ಬಹಳ. ಅಂಗಡಿಯಲ್ಲಿ ಬಟರ್ ಪೇಪರ್ ಎಂದು ಕೊಡುವುದರಲ್ಲಿ ಎರಡು ಜಾತಿ. ತಿಂಡಿ ಸುತ್ತುವ ಕಾಗದ ಬ್ರೆಡ್ಡಿನ ತಳಕ್ಕೆ ಅಂಟಿ, ಅಂಚು ಕಪ್ಪಾಗಿ ಹೊಗೆಯಾಡುತ್ತದೆ. ನಿಮಗೆ ಬೇಕಾದ್ದು ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್. ಪೊಟ್ಟಣದ ಮೇಲೆ ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ ಎಂದು ಅಚ್ಚಾಗಿದೆಯೇ ನೋಡಿ ತೆಗೆದುಕೊಳ್ಳಿ.

ಇನ್ನು ಪ್ಲಗ್. ಓಟಿಜಿ 1,500ರಿಂದ 2,000 ವಾಟ್ ಎಳೆಯುತ್ತದೆ. 2,000 ವಾಟ್ ಎಂದರೆ ಹತ್ತಿರ ಹತ್ತಿರ 9 ಆಂಪಿಯರ್. ಮಿಕ್ಸಿ ಹಾಕುವ 6 ಆಂಪಿಯರ್ ಸಣ್ಣ ಸಾಕೆಟ್ ಅದಕ್ಕೆ ಸಾಲದು, ಎಕ್ಸ್‌ಟೆನ್ಶನ್ ಬೋರ್ಡ್ ಇನ್ನೂ ಅಪಾಯ. ಗೀಸರಿಗೆ ಹಾಕುವಂಥ 16 ಆಂಪಿಯರ್ ದೊಡ್ಡ ಸಾಕೆಟ್ಟೇ ಆಗಬೇಕು. ಪ್ಲಗ್ ಮುಟ್ಟಿದರೆ ಬಿಸಿ ಎನಿಸಿದರೂ, ಸುಟ್ಟ ವಾಸನೆ ಬಂದರೂ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿ.

## ಹಂತ 2: ಹಿಟ್ಟು, ಯೀಸ್ಟ್, ನೀರು

ಮೈದಾ ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ ಎಷ್ಟು ಪ್ರೋಟೀನ್ ಎಂದು ಬರೆದಿರುತ್ತದೆ. ಸಾಮಾನ್ಯ ಮೈದಾದಲ್ಲಿ 10 ಗ್ರಾಂ ಆಸುಪಾಸು ಇರುತ್ತದೆ. ಹೊರದೇಶದ ರೆಸಿಪಿಗಳು ಲೆಕ್ಕ ಹಿಡಿಯುವ ಬ್ರೆಡ್ ಹಿಟ್ಟಿನಲ್ಲಿ 12–13 ಇರುತ್ತದೆ. ಪ್ರೋಟೀನ್ ಕಡಿಮೆ ಇದ್ದರೆ ಹಿಟ್ಟು ಕಡಿಮೆ ನೀರು ಹಿಡಿಯುತ್ತದೆ, ಗಾಳಿಯನ್ನೂ ಕಡಿಮೆ ಹಿಡಿಯುತ್ತದೆ. ಆ ರೆಸಿಪಿಯಲ್ಲಿ 500 ಗ್ರಾಂ ಹಿಟ್ಟಿಗೆ 400 ಗ್ರಾಂ ನೀರು ಎಂದಿದ್ದರೆ ನಮ್ಮ ಮೈದಾಗೆ 340–350 ಸಾಕು. ಇದೊಂದನ್ನು ತಿದ್ದಿಕೊಂಡರೆ "ಹಿಟ್ಟು ಗಂಜಿಯಾಯ್ತು" ಎನ್ನುವವರಲ್ಲಿ ಅರ್ಧ ಜನ ಪಾರಾಗುತ್ತಾರೆ.

ಗೋಧಿ ಹಿಟ್ಟು ಇದಕ್ಕೆ ತಿರುಗಾಮುರುಗಾ. ಅದು ನೀರು ಜಾಸ್ತಿ ಕುಡಿಯುತ್ತದೆ, ಆದರೆ ಅದರ ಹೊಟ್ಟು ಗ್ಲುಟನ್ ಜಾಲವನ್ನು, ಎಂದರೆ ಗಾಳಿ ಹಿಡಿದಿಡುವ ಪ್ರೋಟೀನ್ ಬಲೆಯನ್ನು, ಕತ್ತರಿಸುತ್ತದೆ. ಬರೀ ಗೋಧಿ ಹಿಟ್ಟಿನ ಬ್ರೆಡ್ ಒತ್ತೊತ್ತಾಗಿಯೇ ಇರುತ್ತದೆ. ಅದು ನಿಮ್ಮ ಕೈಯ ದೋಷವಲ್ಲ. ಯೀಸ್ಟಿನ ಬ್ರೆಡ್ಡಿಗೆ ಶುರುವಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆರೆಸಬೇಡಿ. ಮಿಲ್ಲಿಗೆ ಕೊಟ್ಟು ಬೀಸಿಸುವವರು ಇನ್ನೊಂದು ಗಮನಿಸಬೇಕು: ನಿಮಗಿಂತ ಮುಂಚೆ ಯಾರದೋ ರಾಗಿ ಬಿದ್ದಿದ್ದರೆ ಮೊದಲು ಬರುವ ಗೋಧಿ ಹಿಟ್ಟಿನಲ್ಲಿ ರಾಗಿ ಬೆರೆತೇ ಬರುತ್ತದೆ. ರಾಗಿಯಲ್ಲಿ ಗ್ಲುಟನ್ ಇಲ್ಲ. ಹಾಸನದ ಕಡೆ ರಾಗಿ ಬೀಳದ ಮಿಲ್ಲು ಎಲ್ಲಿದೆ! ಆ ಮೊದಲ ಹಿಟ್ಟನ್ನು ರೊಟ್ಟಿಗೆ ಎತ್ತಿಡಿ.

ಡ್ರೈ ಯೀಸ್ಟಿನಲ್ಲಿ ಎರಡು ಬಗೆ. ಇನ್‌ಸ್ಟಂಟ್ ಎಂದು ಬರೆದದ್ದನ್ನು ನೇರ ಹಿಟ್ಟಿಗೆ ಬೆರೆಸಬಹುದು. ಆಕ್ಟಿವ್ ಡ್ರೈ ಎಂದಿದ್ದರೆ ಬೆಚ್ಚಗಿನ ನೀರಿನಲ್ಲಿ ನೆನೆಸಬೇಕು, ತೂಕವೂ ಕಾಲು ಪಾಲು ಹೆಚ್ಚು. ಬೇಕರಿಯವರು ಬಳಸುವ ಹಸಿ ಯೀಸ್ಟ್ ಸಿಕ್ಕಿದರೆ ಇನ್‌ಸ್ಟಂಟಿನ ಮೂರು ಪಟ್ಟು ಹಾಕಿ. ತೆರೆದ ಪ್ಯಾಕೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಮಳೆಗಾಲದಲ್ಲಿ ಹೊರಗಿಟ್ಟ ಯೀಸ್ಟ್ ಬೇಗ ಸತ್ತುಹೋಗುತ್ತದೆ.

ಯೀಸ್ಟ್ ಬದುಕಿದೆಯೇ ಎಂದು ಪರೀಕ್ಷಿಸುವುದು ಸುಲಭ: ಅರ್ಧ ಲೋಟ ಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್. ಹತ್ತು ಹದಿನೈದು ನಿಮಿಷದಲ್ಲಿ ನೊರೆ ಏರಬೇಕು. ಏರದಿದ್ದರೆ ಮೈದಾ ಹಾಳುಮಾಡದೆ ಹೊಸ ಯೀಸ್ಟ್ ತನ್ನಿ. ನೀರು 38–40 ಡಿಗ್ರಿ ಇರಲಿ, ಎಂದರೆ ಮಗುವಿಗೆ ಸ್ನಾನ ಮಾಡಿಸುವ ನೀರಿನ ಹದ. 55–60 ಡಿಗ್ರಿಗೆ ಯೀಸ್ಟ್ ಸಾಯುತ್ತದೆ. ಚಳಿ ಇದೆಯಲ್ಲ ಎಂದು ಸುಡುನೀರು ಸುರಿಯುವುದು ಡಿಸೆಂಬರಿನಲ್ಲಿ ಇಲ್ಲಿ ಎಲ್ಲರೂ ಮಾಡುವ ತಪ್ಪು. ಬೇಸಿಗೆಯಲ್ಲಿ ತಣ್ಣೀರೇ ಸಾಕು.

ಉಪ್ಪು 500 ಗ್ರಾಂ ಹಿಟ್ಟಿಗೆ 9–10 ಗ್ರಾಂ. ಮರೆತರೆ ರುಚಿ ಮಾತ್ರ ಕೆಡುವುದಲ್ಲ, ಹಿಟ್ಟು ಲಗಾಮಿಲ್ಲದೆ ಉಬ್ಬಿ ಬಿಗಿಯನ್ನೂ ಕಳೆದುಕೊಳ್ಳುತ್ತದೆ.

## ಹಂತ 3: ಸೋಡಾ ಬ್ರೆಡ್ಡಿನಿಂದ ಓಟಿಜಿಯ ಪರಿಚಯ

ಇದರಲ್ಲಿ ಯೀಸ್ಟ್ ಇಲ್ಲ, ನಾದುವುದಿಲ್ಲ, ಕಾಯುವುದೂ ಇಲ್ಲ. ಮೃದು ಗೋಧಿಯ ಹಿಟ್ಟೇ ಬೇಕಾದ್ದರಿಂದ ನಮ್ಮ ಮೈದಾ ಇಲ್ಲಿ ಸರಿಯಾಗಿ ಒಪ್ಪುತ್ತದೆ. ಮೈದಾ 300 ಗ್ರಾಂ, ಗೋಧಿ ಹಿಟ್ಟು 200, ಅಡುಗೆ ಸೋಡಾ ತಲೆ ಸವರಿದ ಒಂದು ಟೀ ಚಮಚ, ಉಪ್ಪು 8 ಗ್ರಾಂ, ಮಜ್ಜಿಗೆ 380–400 ಗ್ರಾಂ.

1. ಓಟಿಜಿಯನ್ನು 200 ಡಿಗ್ರಿಗೆ ಮೊದಲೇ ಕಾಯಿಸಿ. ಮಜ್ಜಿಗೆ ಬಿದ್ದ ಕ್ಷಣದಿಂದ ಸೋಡಾ ಗಾಳಿ ಬಿಡುತ್ತದೆ. ಕಲಸಿಟ್ಟು ಆಮೇಲೆ ಓಟಿಜಿ ಹಚ್ಚಿದರೆ ಆ ಗಾಳಿ ಸುಮ್ಮನೆ ಹೋಗುತ್ತದೆ.
2. ಸೋಡಾವನ್ನು ಗಂಟಿಲ್ಲದಂತೆ ಹಿಟ್ಟಿನ ಜೊತೆ ಜರಡಿ ಹಿಡಿಯಿರಿ.
3. ಮಜ್ಜಿಗೆ ಸುರಿದು ಬೆರಳಲ್ಲೇ ಅರ್ಧ ನಿಮಿಷ ಕೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ರಬ್ಬರ್ ಆಗುತ್ತದೆ.
4. ದುಂಡಗೆ ತಟ್ಟಿ, ಮೇಲೆ ಎರಡು ಬೆರಳು ಆಳ ಅಡ್ಡ ಉದ್ದ ಕೊಯ್ದು, 40–45 ನಿಮಿಷ ಬೇಯಿಸಿ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಊಟದ ಕೊನೆಗೆ ಅನ್ನಕ್ಕೆ ಹಾಕುವ ನೀರು ಮಜ್ಜಿಗೆಯಿಂದ ಇದು ಆಗುವುದಿಲ್ಲ. ಅದರ ಹುಳಿ ಸೋಡಾಕ್ಕೆ ಸಾಲದೆ ಬ್ರೆಡ್ ಹಳದಿ ತಿರುಗಿ ಸಾಬೂನಿನ ರುಚಿ ಬರುತ್ತದೆ. ಕಡೆದು ಬೆಣ್ಣೆ ತೆಗೆದ ಮೇಲೆ ನೀರು ಬೆರೆಸುವ ಮುಂಚಿನ ಗಟ್ಟಿ ಮಜ್ಜಿಗೆ ಬೇಕು. ಅದಿಲ್ಲದಿದ್ದರೆ 300 ಗ್ರಾಂ ಹುಳಿ ಮೊಸರಿಗೆ 80–90 ಗ್ರಾಂ ನೀರು ಸೇರಿಸಿ ಕಡೆಯಿರಿ.

ಈ ಒಂದು ಬ್ರೆಡ್ಡಿನಲ್ಲಿ ನಿಮ್ಮ ಓಟಿಜಿಯ ಗುಣ ಪೂರ್ತಿ ಗೊತ್ತಾಗುತ್ತದೆ: ಯಾವ ಮೂಲೆ ಹೆಚ್ಚು ಸುಡುತ್ತದೆ, ಮೇಲಿನ ಕಾಯುವ ಕಡ್ಡಿ ಎಷ್ಟು ಬೇಗ ಕೆಂಪಗೆ ಮಾಡುತ್ತದೆ, ತಳ ಬೇಯಲು ಟ್ರೇ ಇಡುವ ಯಾವ ಮೆಟ್ಟಿಲು ಸರಿ. ಒಂದು ಚೀಟಿಯಲ್ಲಿ ಬರೆದು ಓಟಿಜಿಗೇ ಅಂಟಿಸಿ.

## ಹಂತ 4: ಹಿಟ್ಟನ್ನು ಓದುವುದು

ಇಲ್ಲಿಂದ ಮುಂದೆ ಎಲ್ಲವೂ ಯೀಸ್ಟಿನದ್ದು. ಬ್ರೆಡ್ ಕೆಡುವುದು ಮೂರು ಕಡೆ, ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ನಾದುವುದು. ಚಪಾತಿ ಕಲಸಿ ಪಳಗಿದ ಕೈ ಅಂಟು ಕಂಡ ಕೂಡಲೇ ಒಣಹಿಟ್ಟು ಉದುರಿಸುತ್ತದೆ. ಅದನ್ನು ತಡೆಯಬೇಕು. ಬ್ರೆಡ್ ಹಿಟ್ಟು ಚಪಾತಿಯದಕ್ಕಿಂತ ಮೆದು, ಶುರುವಿನಲ್ಲಿ ಅಂಟುವುದೇ ಸರಿ. ಹಿಟ್ಟು, ನೀರು ಎರಡನ್ನೇ ಕೂಡಿಸಿ ಅರ್ಧ ಗಂಟೆ ಮುಚ್ಚಿಡಿ, ಆಮೇಲೆ ಯೀಸ್ಟ್, ಉಪ್ಪು ಸೇರಿಸಿ ನಾದಿ. ಆ ಅರ್ಧ ಗಂಟೆಯಲ್ಲಿ ಅರ್ಧ ಕೆಲಸ ತಾನೇ ಆಗಿರುತ್ತದೆ. ಎಣ್ಣೆ ಕೊನೆಗೆ, ಮೊದಲೇ ಹಾಕಿದರೆ ಹಿಟ್ಟು ನೀರು ಕುಡಿಯಲು ಅಡ್ಡಿ. ನಿಂಬೆ ಗಾತ್ರದ ತುಂಡನ್ನು ಎರಡೂ ಕೈಯಲ್ಲಿ ನಿಧಾನ ಅಗಲಿಸಿದರೆ ಹರಿಯದೆ ಬೆಳಕು ಕಾಣುವ ಪದರವಾಗಬೇಕು. ಕೂಡಲೇ ಹರಿದರೆ ಇನ್ನೂ ಐದು ನಿಮಿಷ ನಾದಿ.

ಮೊದಲ ಉಬ್ಬು. ಡಬ್ಬಿಯ ರಬ್ಬರ್ ಬ್ಯಾಂಡಿನಿಂದ ಹಿಟ್ಟು ದುಪ್ಪಟ್ಟು ಏರಬೇಕು. ದೋಸೆ ಹಿಟ್ಟು ಚಳಿಗಾಲದಲ್ಲಿ ಬೆಳಿಗ್ಗೆಯಾದರೂ ಹುಳಿ ಬರುವುದಿಲ್ಲ ಎಂದು ಗೊತ್ತಿದ್ದೂ, ಬ್ರೆಡ್ ಹಿಟ್ಟಿಗೆ ಮಾತ್ರ ಗಡಿಯಾರ ಹಿಡಿದು ಕೂರುತ್ತೇವೆ. ಚಳಿಯಲ್ಲಿ ಓಟಿಜಿಯನ್ನು ಹಚ್ಚದೆ ಒಳಗೆ ಒಂದು ಪಾತ್ರೆ ಬಿಸಿನೀರಿಟ್ಟು ಪಕ್ಕದಲ್ಲಿ ಡಬ್ಬಿ ಇಡಿ. ನೀರು ತಣ್ಣಗಾದರೆ ಬದಲಿಸಿ. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಪಕ್ಕ ಇಡುವವರಿದ್ದಾರೆ, ಜಾಗವೇನೋ ಒಳ್ಳೆಯದೇ. ಆದರೆ ಹಂಡೆಗೆ ತಾಗಿಸಿ ಇಟ್ಟರೆ ಒಂದು ಬದಿ ಬೇಯುತ್ತದೆ. ಮೊಳ ದೂರ ಇರಲಿ. ಹೆಂಡದ ವಾಸನೆ ಹೊಡೆದರೆ, ಮೇಲ್ಮೈ ಗುಂಡಿಬಿದ್ದು ಇಳಿಯುತ್ತಿದ್ದರೆ ಹೊತ್ತು ಮೀರಿದೆ ಎಂದು ಅರ್ಥ. ಅದನ್ನು ಎಸೆಯಬೇಡಿ, ಗಾಳಿ ತೆಗೆದು ಪೀಟಾಗೆ ಬಳಸಿ. ಎತ್ತರದ ಬ್ರೆಡ್ ಅದರಿಂದ ಏಳುವುದಿಲ್ಲ.

ಎರಡನೆಯ ಉಬ್ಬು. ಆಕಾರ ಕೊಟ್ಟ ಮೇಲೆ ಬೆರಳಿಗೆ ಹಿಟ್ಟು ಸವರಿ ಅರ್ಧ ಅಂಗುಲ ಒತ್ತಿ. ಗುಂಡಿ ಛಕ್ಕನೆ ಮುಚ್ಚಿಕೊಂಡರೆ ಇನ್ನೂ ಕಾಯಬೇಕು. ನಿಧಾನವಾಗಿ ಅರ್ಧ ಮುಚ್ಚಿಕೊಂಡರೆ ಒಲೆಗೆ ಹೋಗುವ ಹೊತ್ತು. ಗುಂಡಿ ಹಾಗೇ ಉಳಿದರೆ ತಡವಾಗಿದೆ, ಇದ್ದಂತೆಯೇ ಬೇಯಿಸಿಬಿಡಿ. ಬೆಂದ ಬ್ರೆಡ್ಡಿನ ಪಕ್ಕ ಒಡೆದು ಒಳಗಿನದು ಹೊರಗೆ ಉಕ್ಕಿದ್ದರೆ ಇಲ್ಲಿ ಆತುರಪಟ್ಟಿದ್ದೀರಿ. ಮೇಲ್ಭಾಗ ಚಪ್ಪಟೆಯಾಗಿ ಸುಕ್ಕುಗಟ್ಟಿದ್ದರೆ ಇಲ್ಲಿ ಮೈಮರೆತಿದ್ದೀರಿ.

## ಹಂತ 5: ಫೊಕಾಚಿಯಾ

ಯೀಸ್ಟಿನ ಮೊದಲ ಬ್ರೆಡ್ ಇದೇ ಆಗಲಿ. ಆಕಾರ ಕೊಡುವ ಕಷ್ಟವಿಲ್ಲ, ಎಣ್ಣೆ ಧಾರಾಳ ಇರುವುದರಿಂದ ಸಣ್ಣಪುಟ್ಟ ತಪ್ಪು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಮೈದಾ 500, ನೀರು 350, ಉಪ್ಪು 10, ಇನ್‌ಸ್ಟಂಟ್ ಯೀಸ್ಟ್ 4, ಆಲಿವ್ ಎಣ್ಣೆ 25 ಗ್ರಾಂ. ಟ್ರೇಗೆ ಬೇರೆ 30 ಗ್ರಾಂ ಎಣ್ಣೆ. ಟ್ರೇ ಸುಮಾರು 23×33 ಸೆಂಟಿಮೀಟರ್ ಇದ್ದರೆ ಹದವಾದ ದಪ್ಪ ಬರುತ್ತದೆ. ಸಣ್ಣ ಓಟಿಜಿಯಾದರೆ ಎಲ್ಲವನ್ನೂ ಅರ್ಧ ಮಾಡಿ. ಮೂಡಿಗೆರೆ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 335 ಗ್ರಾಂ ನೀರಿನಿಂದ ಶುರುಮಾಡಿ, ಸಾಲದಿದ್ದರೆ ಮಾತ್ರ ಸೇರಿಸಿ.

1. ಎಲ್ಲ ಕಲಸಿ ಮುಚ್ಚಿಡಿ. ಈ ಹಿಟ್ಟನ್ನು ನಾದುವುದಿಲ್ಲ, ಮಡಚಬೇಕು. ಕೈ ಒದ್ದೆ ಮಾಡಿಕೊಂಡು ಒಂದು ಬದಿ ಹಿಡಿದೆತ್ತಿ, ಎಳೆದು, ಎದುರು ಬದಿಗೆ ಮಡಚಿ. ನಾಲ್ಕೂ ಬದಿ ಹೀಗೆ. ಅರ್ಧ ಗಂಟೆಗೊಮ್ಮೆ, ಒಟ್ಟು ನಾಲ್ಕು ಸಲ. ಮೊದಲ ಸಲ ಹರಿದು ಜೋಲುವ ಹಿಟ್ಟು ನಾಲ್ಕನೆಯ ಸಲಕ್ಕೆ ನುಣುಪಾಗಿ ಮೇಲೆದ್ದಿರಬೇಕು.
2. ದುಪ್ಪಟ್ಟಾದ ಮೇಲೆ ಎಣ್ಣೆ ಸವರಿದ ಟ್ರೇಗೆ ನಿಧಾನ ಜಾರಿಸಿ. ಕೂಡಲೇ ಮೂಲೆಗೆ ಎಳೆಯಬೇಡಿ, ಅದು ಹಿಂದಕ್ಕೆ ಜಗ್ಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಹೇಳಿದಂತೆ ಕೇಳುತ್ತದೆ.
3. ಮತ್ತೆ ಉಬ್ಬಿ, ಟ್ರೇ ಅಲ್ಲಾಡಿಸಿದರೆ ಹಿಟ್ಟು ತುಳುಕುವಂತಾದಾಗ ಓಟಿಜಿಯನ್ನು 220ಕ್ಕೆ ಹಚ್ಚಿ, 30 ನಿಮಿಷ ಕಾಯಲು ಬಿಡಿ.
4. ಬೆರಳಿಗೆ ಎಣ್ಣೆ ಹಚ್ಚಿ, ತಳ ಮುಟ್ಟುವವರೆಗೆ ಗುಂಡಿಗಳನ್ನು ಒತ್ತಿ. ಮೇಲೆ ಮೇಲೆ ತಟ್ಟಿದರೆ ಬೇಯುವಾಗ ಗುಂಡಿ ಮಾಯವಾಗುತ್ತದೆ.
5. ಇಟಲಿಯ ಜೆನೋವಾದ ಕಡೆ ಮಾಡುವಂತೆ ಮೂರು ಚಮಚ ನೀರು, ಎರಡು ಚಮಚ ಎಣ್ಣೆ, ಕಾಲು ಚಮಚ ಉಪ್ಪು ಚೆನ್ನಾಗಿ ಕದಡಿ ಮೇಲೆ ಸುರಿಯಿರಿ. ಗುಂಡಿಗಳಲ್ಲಿ ನಿಲ್ಲುವ ಈ ಉಪ್ಪುನೀರಿನಿಂದ ಅಲ್ಲಲ್ಲಿ ಮೆದುವಾಗಿ ಉಳಿಯುತ್ತದೆ. ಇದನ್ನು ಬಿಟ್ಟುಬಿಡುವವರೇ ಹೆಚ್ಚು.
6. 22–28 ನಿಮಿಷ. ಅಂಚು ಎತ್ತಿ ತಳ ನೋಡಿ, ಹೊಂಬಣ್ಣ ಬಂದಿರಬೇಕು. ಮೇಲೆ ಕೆಂಪಾಗಿ ತಳ ಬಿಳಿ ಇದ್ದರೆ ಟ್ರೇಯನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ.

ರೋಸ್‌ಮೆರಿ ಇಲ್ಲದಿದ್ದರೆ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಡಿ. ಕಾಫಿ ತೋಟದ ಮರಗಳಿಗೆ ಹಬ್ಬಿದ ಹಸಿ ಕಾಳುಮೆಣಸಿನ ಗೊನೆಯಿಂದ ಒಂದು ಚಮಚ ಕಾಳು ಬಿಡಿಸಿ, ಜಜ್ಜಿ, ಉಪ್ಪುನೀರಿಗೆ ಬೆರೆಸಿ. ನನ್ನ ಮಟ್ಟಿಗೆ ಇದು ರೋಸ್‌ಮೆರಿಗಿಂತ ಒಂದು ಕೈ ಮೇಲೆ. ಎಣ್ಣೆಯ ವಿಷಯಕ್ಕೆ ಬಂದರೆ ಕಡಲೆಕಾಯಿ ಎಣ್ಣೆಯಲ್ಲೂ ಬ್ರೆಡ್ ಉಬ್ಬುತ್ತದೆ, ಆದರೆ ಫೊಕಾಚಿಯಾದ ರುಚಿಯೆಲ್ಲ ಎಣ್ಣೆಯದ್ದೇ. ಉಳಿತಾಯ ಬೇರೆ ಕಡೆ ಮಾಡಿ.

## ಹಂತ 6: ಪೀಟಾ

ಮೈದಾ 500 (ಬೇಕಾದರೆ ಇದರಲ್ಲಿ 150 ಗೋಧಿ ಹಿಟ್ಟು), ನೀರು 310, ಉಪ್ಪು 9, ಯೀಸ್ಟ್ 4, ಎಣ್ಣೆ 15 ಗ್ರಾಂ. ನಾದಿ, ದುಪ್ಪಟ್ಟಾಗಿಸಿ, 80 ಗ್ರಾಂ ಉಂಡೆಗಳನ್ನು ಕಟ್ಟಿ 15 ನಿಮಿಷ ಬಿಡಿ. ಹತ್ತು ಪೀಟಾ ಆಗುತ್ತವೆ.

ಪೀಟಾ ಜೇಬಿನ ಹಾಗೆ ತೆರೆದುಕೊಳ್ಳುವುದು ಬರೀ ಶಾಖದಿಂದ. ಎರಡೂ ಮೈ ಕ್ಷಣದಲ್ಲಿ ಗಟ್ಟಿಯಾಗಿ, ನಡುವಿನ ತೇವ ಆವಿಯಾಗಿ ಎರಡನ್ನೂ ದೂಡಬೇಕು. ಓಟಿಜಿ ಹೋಗುವಷ್ಟು, ಎಂದರೆ 230–250 ಡಿಗ್ರಿಗೆ, ಕಬ್ಬಿಣದ ಕಾವಲಿಯನ್ನು ಒಳಗಿಟ್ಟೇ 40 ನಿಮಿಷ ಕಾಯಿಸಿ. ಹತ್ತು ನಿಮಿಷಕ್ಕೆ ದೀಪ ಆರುತ್ತದೆ, ಆದರೆ ಆಗ ಕಾದಿರುವುದು ಗಾಳಿ ಮಾತ್ರ, ಕಬ್ಬಿಣವಲ್ಲ.

ಲಟ್ಟಿಸುವಾಗ ಚಪಾತಿಯಷ್ಟು ತೆಳ್ಳಗೆ ಮಾಡಿದರೆ ಹಪ್ಪಳವಾಗುತ್ತದೆ. 4–5 ಮಿಲಿಮೀಟರ್ ದಪ್ಪ, ಎಲ್ಲ ಕಡೆ ಒಂದೇ ಸಮ. ಉಗುರು ತಾಗಿ ತೂತಾದರೂ, ಒಂದು ಮಡಿಕೆ ಉಳಿದರೂ ಆವಿ ಅಲ್ಲಿಂದಲೇ ಹೊರಟುಹೋಗುತ್ತದೆ. ಲಟ್ಟಿಸಿದ್ದನ್ನು ಹತ್ತು ನಿಮಿಷ ಬಟ್ಟೆ ಮುಚ್ಚಿಡಿ. ಮೇಲ್ಮೈ ಒಣಗಿದರೆ ಉಬ್ಬದೆ ಬಿರಿಯುತ್ತದೆ. ಕಾವಲಿಯ ಮೇಲೆ ಹಾಕಿ ಬಾಗಿಲು ಮುಚ್ಚಿದರೆ ಮೂರು ನಾಲ್ಕು ನಿಮಿಷದಲ್ಲಿ ಉಬ್ಬುತ್ತದೆ. ಮೇಲೆ ಕೆಂಪು ಬಣ್ಣ ಬರಲಿ ಎಂದು ಕಾಯಬೇಡಿ. ತೆಗೆದ ಕೂಡಲೇ ದಪ್ಪ ಬಟ್ಟೆಯಲ್ಲಿ ಸುತ್ತಿದರೆ ಮೆದು ಉಳಿಯುತ್ತದೆ.

ಮೊದಲನೆಯದು ಉಬ್ಬದೆ ಎರಡನೆಯದು ಉಬ್ಬಿದರೆ ಕಾವಲಿ ಕಾದಿರಲಿಲ್ಲ. ಎಲ್ಲವೂ ಅರ್ಧಂಬರ್ಧ ಉಬ್ಬಿದರೆ ಲಟ್ಟಿಸಿದ್ದು ಏರುಪೇರು. ಒಂದೂ ಏಳದಿದ್ದರೆ ಹಿಟ್ಟು ಗಟ್ಟಿ; ಮುಂದಿನ ಸಲ 15 ಗ್ರಾಂ ನೀರು ಹೆಚ್ಚಿಸಿ.

## ಹಂತ 7: ಹಲ್ಲಾ

ಇದು ಯಹೂದಿಗಳು ಸಬ್ಬತ್ ದಿನಕ್ಕೆ, ಎಂದರೆ ಅವರ ವಾರದ ವಿಶ್ರಾಂತಿಯ ದಿನಕ್ಕೆ, ಮಾಡುವ ಜಡೆಯ ಬ್ರೆಡ್. ಮಾಂಸದ ಊಟದ ಜೊತೆ ಹಾಲಿನ ಪದಾರ್ಥ ಸೇರಿಸಬಾರದೆಂಬ ಅವರ ನಿಯಮದಿಂದ ಇದಕ್ಕೆ ಹಾಲು, ಬೆಣ್ಣೆ ಬೀಳುವುದಿಲ್ಲ. ಎಣ್ಣೆ, ಮೊಟ್ಟೆ ಮಾತ್ರ. ಮೊಟ್ಟೆ ತಿನ್ನದ ಮನೆಯವರು ಹಾಲು ಹಾಕಿ ಮಾಡಿದರೆ ಒಳ್ಳೆಯ ಸಿಹಿ ಬ್ರೆಡ್ ಆಗುತ್ತದೆ, ಆದರೆ ಅದು ಹಲ್ಲಾ ಅಲ್ಲ.

ಮೈದಾ 500, ಮೊಟ್ಟೆ 2, ಸಕ್ಕರೆ 60, ಎಣ್ಣೆ 60, ನೀರು 160–170, ಉಪ್ಪು 9, ಯೀಸ್ಟ್ 6 ಗ್ರಾಂ. ಸಕ್ಕರೆ, ಎಣ್ಣೆ ಎರಡೂ ಯೀಸ್ಟನ್ನು ನಿಧಾನ ಮಾಡುತ್ತವೆ. ಚಳಿಗಾಲದಲ್ಲಿ ಮೊದಲ ಉಬ್ಬಿಗೇ ಮೂರು ಗಂಟೆ ಹಿಡಿಯಬಹುದು, ಗಾಬರಿ ಬೇಡ. ಮೂರು ಪಾಲು ಮಾಡಿ ಹೊಸೆದು, ಕೂದಲಿಗೆ ಹಾಕುವ ಜಡೆಯನ್ನೇ ಹಾಕಿ, ಆದರೆ ಸಡಿಲವಾಗಿ. ಬಿಗಿಯಾಗಿ ಹೆಣೆದರೆ ಬೇಯುವಾಗ ಎಳೆಗಳು ಹರಿಯುತ್ತವೆ. ಎರಡನೆಯ ಉಬ್ಬು ಆದ ಮೇಲೆ ಕಡೆದ ಮೊಟ್ಟೆ ಸವರಿ 175 ಡಿಗ್ರಿಯಲ್ಲಿ 30 ನಿಮಿಷ. ಓಟಿಜಿಯ ಮೇಲಿನ ಕಡ್ಡಿ ಹತ್ತಿರವಿರುವುದರಿಂದ ಹದಿನೈದನೆಯ ನಿಮಿಷಕ್ಕೇ ಕಂದು ತಿರುಗುತ್ತದೆ. ಆಗ ಫಾಯಿಲ್ ಹೊದಿಸಿ, ಹೊರಗೆ ಮಾತ್ರ ತೆಗೆಯಬೇಡಿ, ಒಳಗೆ ಇನ್ನೂ ಹಸಿ ಇರುತ್ತದೆ.

## ಹಂತ 8: ಸೋರ್‌ಡೋ

ಮೊದಲು ಹುಳಿಮೂಲ, ಎಂದರೆ ಪ್ಯಾಕೆಟ್ ಯೀಸ್ಟಿನ ಬದಲು ಬ್ರೆಡ್ಡನ್ನು ಉಬ್ಬಿಸುವ ಹುಳಿ ಹಿಟ್ಟು. ಗಾಜಿನ ಬಾಟಲಿಯಲ್ಲಿ 50 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ನೀರು ಕಲಸಿ ಸಡಿಲ ಮುಚ್ಚಿ. ಗೋಧಿಯಲ್ಲಿ 10 ಗ್ರಾಂ ಬದಲಿಗೆ ರಾಗಿ ಹಿಟ್ಟು ಹಾಕಿದರೆ ಬೇಗ ಚುರುಕಾಗುತ್ತದೆ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ ಆರಿಸಿ ಬಳಸಿ. ಮೂರನೆಯ ದಿನದಿಂದ ದಿನಾ 50 ಗ್ರಾಂ ಉಳಿಸಿ, ಉಳಿದದ್ದು ತೆಗೆದು, ಮತ್ತೆ 50 ಹಿಟ್ಟು, 50 ನೀರು.

ಎಲ್ಲರೂ ಕೈಬಿಡುವುದು ನಾಲ್ಕೈದನೆಯ ದಿನ. ಎರಡು ಮೂರನೆಯ ದಿನ ಭರ್ಜರಿಯಾಗಿ ಉಕ್ಕಿದ್ದು ಆಮೇಲೆ ಸತ್ತಂತೆ ಬಿದ್ದುಕೊಳ್ಳುತ್ತದೆ. ಮೊದಲು ಉಕ್ಕಿಸಿದ್ದು ಬೇರೆ ಬ್ಯಾಕ್ಟೀರಿಯಾಗಳು. ಹುಳಿ ಹೆಚ್ಚಾದಂತೆ ಅವು ಅಡಗುತ್ತವೆ, ನಿಜವಾದ ಯೀಸ್ಟ್ ಇನ್ನೂ ಬೆಳೆಯುತ್ತಿರುತ್ತದೆ. ಸುಮ್ಮನೆ ದಿನಾ ಊಡಿಸುತ್ತಿರಿ. ಸೆಕೆಗಾಲದಲ್ಲಿ ವಾರ, ಹತ್ತು ದಿನ. ಚಿಕ್ಕಮಗಳೂರಿನ ಚಳಿಯಲ್ಲಿ ಎರಡು ವಾರದ ಮೇಲೂ ಆಗಬಹುದು. ಊಡಿಸಿದ 6–8 ಗಂಟೆಯಲ್ಲಿ ದುಪ್ಪಟ್ಟಾಗುವುದು ಸತತ ಮೂರು ದಿನ ಕಂಡರೆ ಸಿದ್ಧ. ಗುಲಾಬಿ, ಕಿತ್ತಳೆ ಬಣ್ಣದ ಗೆರೆಯೋ ಬೂಷ್ಟೋ ಕಂಡರೆ ಮರುಮಾತಿಲ್ಲದೆ ಚೆಲ್ಲಿ, ಬಾಟಲಿ ಕುದಿಸಿ ಹೊಸದಾಗಿ ಶುರುಮಾಡಿ. ಮೇಲೆ ನಿಲ್ಲುವ ಬೂದು ನೀರಿಗೆ ಹೆದರಬೇಕಿಲ್ಲ, ಅದು ಹಸಿವಿನ ಗುರುತು.

ಬ್ರೆಡ್ಡಿಗೆ: ಮೈದಾ 350, ಗೋಧಿ ಹಿಟ್ಟು 150, ನೀರು 330, ಉಕ್ಕಿ ನಿಂತ ಹುಳಿಮೂಲ 100, ಉಪ್ಪು 10 ಗ್ರಾಂ.

1. ಫೊಕಾಚಿಯಾದ ಹಾಗೇ ಕಲಸಿ, ನಾಲ್ಕು ಸಲ ಮಡಚಿ.
2. ಇಲ್ಲಿ ದುಪ್ಪಟ್ಟಿಗೆ ಕಾಯಬೇಡಿ. ಒಂದೂವರೆ ಪಟ್ಟು ಏರಿ, ಪಕ್ಕದಲ್ಲಿ ಗುಳ್ಳೆ ಕಂಡರೆ ಸಾಕು. 25 ಡಿಗ್ರಿಯಲ್ಲಿ ಐದಾರು ಗಂಟೆ, 18ರಲ್ಲಿ ಹತ್ತರ ಮೇಲೆ.
3. ಬಿಗಿಯಾಗಿ ಉಂಡೆ ಕಟ್ಟಿ. ಸಣ್ಣ ಬಿದಿರಿನ ಬುಟ್ಟಿಗೆ ತೆಳು ಬಟ್ಟೆ ಹಾಸಿ, ಅಕ್ಕಿ ಹಿಟ್ಟು ಧಾರಾಳ ಉದುರಿಸಿ, ಉಂಡೆಯನ್ನು ತಲೆಕೆಳಗಾಗಿ ಇಡಿ. ಮೈದಾ ಉದುರಿಸಿದರೆ ಬಟ್ಟೆಗೆ ಅಂಟುತ್ತದೆ, ಅಕ್ಕಿ ಹಿಟ್ಟು ಅಂಟುವುದಿಲ್ಲ.
4. ರಾತ್ರಿಯಿಡೀ, 8–14 ಗಂಟೆ ಫ್ರಿಜ್ಜಿನಲ್ಲಿಡಿ. ತಣ್ಣಗಿನ ಹಿಟ್ಟನ್ನು ಕೊಯ್ಯುವುದೂ ಸುಲಭ.
5. ದಪ್ಪ ತಳದ ಮುಚ್ಚಳದ ಪಾತ್ರೆಯನ್ನು 230 ಡಿಗ್ರಿಯಲ್ಲಿ 40 ನಿಮಿಷ ಕಾಯಿಸಿ. ಉಂಡೆಯನ್ನು ಬೇಕಿಂಗ್ ಪೇಪರಿನ ಮೇಲೆ ಬೋರಲು ಹಾಕಿ, ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕೊಯ್ದು, ಕಾಗದದ ಸಮೇತ ಪಾತ್ರೆಗಿಳಿಸಿ. ಮುಚ್ಚಿ 25 ನಿಮಿಷ, ಮುಚ್ಚಳ ತೆಗೆದು 20 ನಿಮಿಷ.

ಮುಚ್ಚಳ ಏಕೆಂದರೆ ಮೊದಲ ಹೊತ್ತಿನಲ್ಲಿ ಆವಿ ಒಳಗೇ ಇದ್ದು ಮೇಲ್ಮೈ ಒಣಗದಿದ್ದರೆ ಮಾತ್ರ ಬ್ರೆಡ್ ಮೇಲೇಳುತ್ತದೆ. ಆವಿಗಾಗಿ ಬಿಸಿ ಟ್ರೇಗೆ ನೀರು ಎರಚುವ ಉಪಾಯ ದೊಡ್ಡ ಒವನ್ನಿನದ್ದು. ಓಟಿಜಿಯಲ್ಲಿ ಅದು ಬೇಡ: ಬಿಸಿ ಗಾಜಿಗೆ ತಣ್ಣೀರು ಸಿಡಿದರೆ ಒಡೆಯಬಹುದು, ಕಡ್ಡಿಗೆ ಬಿದ್ದರೆ ವಿದ್ಯುತ್ ಅಪಾಯ.

## ಹಂತ 9: ಬೆಂದಿದೆಯೇ, ಹೇಗೆ ಇಡುವುದು

ಚುಚ್ಚುವ ಥರ್ಮಾಮೀಟರ್ ಇರುವವರಿಗೆ ಒಂದು ಎಚ್ಚರಿಕೆ. ಹಾಸನವೂ ಚಿಕ್ಕಮಗಳೂರೂ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು 100ಕ್ಕಲ್ಲ, 96–97 ಡಿಗ್ರಿಗೇ ಕುದಿಯುತ್ತದೆ. ಬ್ರೆಡ್ಡಿನ ಒಳಗೂ ಅದರಾಚೆ ಏರುವುದಿಲ್ಲ. ನಡುವಿಗೆ 98–99 ಬರಲಿ ಎಂದು ಕಾದರೆ ಹೊರಗೆ ಇದ್ದಿಲಾಗುತ್ತದೆ. ಸೋರ್‌ಡೋಗೆ 93–95, ಹಲ್ಲಾಗೆ 88–90 ಕಂಡರೆ ತೆಗೆಯಿರಿ.

ತಂತಿ ಜಾಲರಿಯ ಮೇಲೆ ಆರಿಸಿ. ತಟ್ಟೆಯಲ್ಲಿಟ್ಟರೆ ತಳ ಬೆವರುತ್ತದೆ. ಪೀಟಾ, ಫೊಕಾಚಿಯಾ ಬಿಸಿಯಾಗಿಯೇ ತಿನ್ನಿ, ಉಳಿದವನ್ನು ಒಂದು ಗಂಟೆಯಾದರೂ ಬಿಟ್ಟು ಕತ್ತರಿಸಿ. ಬಿಸಿಯಲ್ಲೇ ಕೊಯ್ದು, ಚಾಕುವಿಗೆ ಅಂಟಿತು, ಬೆಂದಿಲ್ಲ ಎಂದು ಬೇಸರಪಡುವವರ ಬ್ರೆಡ್ ಎಷ್ಟೋ ಸಲ ಚೆನ್ನಾಗಿಯೇ ಬೆಂದಿರುತ್ತದೆ.

ಮಳೆಗಾಲದಲ್ಲಿ ಎರಡು ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಫ್ರಿಜ್ಜಿನಲ್ಲಿ ಇಟ್ಟರೆ ಬೇಗ ಒರಟಾಗುತ್ತದೆ. ಹೋಳು ಮಾಡಿ ಫ್ರೀಜರಿನಲ್ಲಿಡಿ, ಬೇಕಾದಾಗ ನೇರ ಕಾವಲಿಗೆ ಹಾಕಿ. ಮೇಲ್ಪದರ ಮೆತ್ತಗಾದರೆ 180 ಡಿಗ್ರಿಯಲ್ಲಿ ಆರೇಳು ನಿಮಿಷ ಬಿಸಿ ಮಾಡಿದರೆ ಮತ್ತೆ ಗರಿಗರಿ. ಬೂಷ್ಟಿಲ್ಲದಿದ್ದರೂ ಕೊಳೆತ ಹಣ್ಣಿನ ವಾಸನೆ ಬಂದು, ಹೋಳು ಬಿಡಿಸಿದರೆ ಅಂಟಂಟು ನೂಲು ಎಳೆದರೆ ಅದು ಬ್ಯಾಕ್ಟೀರಿಯಾದ ಕೆಲಸ. ಬೆಂದರೂ ಅದರ ಬೀಜಾಣು ಸಾಯುವುದಿಲ್ಲ. ದನಕ್ಕೂ ಹಾಕದೆ ಎಸೆದು, ಪಾತ್ರೆ, ಹಲಗೆ, ಬಟ್ಟೆಗಳನ್ನು ವಿನಿಗರ್ ನೀರಿನಲ್ಲಿ ತೊಳೆದು ಬಿಸಿಲಿಗಿಡಿ.

## ಹಂತ 10: ನಡುವೆ ಕರೆಂಟ್ ಹೋದರೆ

ಜೂನ್ ಬಂದ ಮೇಲೆ ಇದು ಆಗೇ ಆಗುತ್ತದೆ, ಮೊದಲೇ ತೀರ್ಮಾನಿಸಿಕೊಳ್ಳಿ. ಮನೆಯ ಇನ್ವರ್ಟರ್ ಓಟಿಜಿಯನ್ನು ಎಳೆಯುವುದಿಲ್ಲ, ಪ್ರಯತ್ನವೇ ಬೇಡ.

ಹಿಟ್ಟು ಇನ್ನೂ ಉಬ್ಬುತ್ತಿದ್ದರೆ ಫ್ರಿಜ್ಜಿಗೆ ಹಾಕಿ. ಬಾಗಿಲು ಪದೇ ಪದೇ ತೆಗೆಯದಿದ್ದರೆ ಕರೆಂಟ್ ಇಲ್ಲದೆಯೂ ಮೂರು ನಾಲ್ಕು ಗಂಟೆ ಅದು ತಣ್ಣಗಿದ್ದು, ಹಿಟ್ಟಿನ ಓಟ ನಿಧಾನವಾಗುತ್ತದೆ. ಬೇಯುತ್ತಿರುವಾಗ ಹೋದರೆ ಓಟಿಜಿಯ ಬಾಗಿಲು ತೆಗೆಯಬೇಡಿ. ಹತ್ತು ನಿಮಿಷದೊಳಗೆ ಬಂದರೆ ಅಷ್ಟು ಹೊತ್ತು ಹೆಚ್ಚು ಬೇಯಿಸಿದರಾಯಿತು. ಅದಕ್ಕಿಂತ ತಡವಾದರೆ ಗ್ಯಾಸಿನ ಮೇಲೆ ದಪ್ಪ ತಳದ ಅಗಲ ಪಾತ್ರೆ ಇಟ್ಟು, ಒಳಗೆ ಇಡ್ಲಿ ಸ್ಟ್ಯಾಂಡಿನ ಕೆಳಗಿನ ತಟ್ಟೆಯನ್ನೋ ಕಬ್ಬಿಣದ ಸ್ಟ್ಯಾಂಡನ್ನೋ ನೀರಿಲ್ಲದೆ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಬ್ರೆಡ್ಡನ್ನು ಅದಕ್ಕೆ ವರ್ಗಾಯಿಸಿ ಮಧ್ಯಮ ಉರಿಯಲ್ಲಿ ಮುಗಿಸಿ. ಮೇಲೆ ಬಣ್ಣ ಬರುವುದಿಲ್ಲ, ಒಳಗೆ ಬೇಯುತ್ತದೆ. ಪೀಟಾ ಆದರೆ ಇಷ್ಟೆಲ್ಲ ಬೇಡ: ಕಾದ ಕಾವಲಿಯ ಮೇಲೆ ಎರಡೂ ಬದಿ ಅರ್ಧರ್ಧ ನಿಮಿಷ ಹಾಕಿ, ಆಮೇಲೆ ಫುಲ್ಕದ ಹಾಗೆ ನೇರ ಉರಿಗೆ ಹಿಡಿದರೆ ಉಬ್ಬುತ್ತದೆ.